ನಲವತ್ತು ತುಂಬುವ ಮೊದಲು

ಜನವರಿ 9
ಇವತ್ತೂ ಯಂತ್ರಗಳ ಪ್ಯಾಕಿಂಗ್. ಶೆಡ್ಡಿನ ಬಾಗಿಲು ತೆರೆದೇ ಇತ್ತು, ಕೈ ಮರಗಟ್ಟಿತು. ಅಣ್ಣ ಗುವಾಂಗ್‌ಯೇ ತನ್ನ ಗೇರ್ ಕಾರ್ಖಾನೆಯನ್ನು ದಕ್ಷಿಣ ಚೀನಾದ ಡಾಂಗ್‌ಗುವಾನಿಗೆ ಸಾಗಿಸುತ್ತಿದ್ದಾನೆ. ಲೆಕ್ಕ ಬರೆಯುವವಳು ನಾನು, ಕಾರಣ ಗೊತ್ತು. ಉತ್ತರದ ನಮ್ಮ ಟಿಯೆಲಿಂಗ್‌ನಲ್ಲಿ ಎಲ್ಲಿ ನೋಡಿದರೂ ಪಿಂಚಣಿಯವರು. ದುಡಿಯುವವರು ಕಡಿಮೆ, ಅದಕ್ಕೇ ಪಿಂಚಣಿ ವಿಮೆಗೆ ಮಾಲೀಕರು ಕಟ್ಟುವ ಕಂತು ಜಾಸ್ತಿ. ಕಂತು ಜಾಸ್ತಿ ಅಂತ ಕಾರ್ಖಾನೆಗಳು ಓಡಿಹೋಗುತ್ತವೆ. ಆಮೇಲೆ ಉಳಿದವರಿಗೆ ಇನ್ನೂ ಜಾಸ್ತಿ. ಡಾಂಗ್‌ಗುವಾನಿನಲ್ಲಿ ಊರ ತುಂಬ ದುಡಿಯುವ ಹುಡುಗರು, ಕಂತೂ ಹಗುರ. ಕರ್ಮ!

ಜನವರಿ 13
ಅಣ್ಣನ ಹತ್ತಿರ ಕೇಳಿದ್ದು ಒಂದೇ. ನನಗೆ ನಲವತ್ತು ತುಂಬುವ ಮೊದಲು ಅಲ್ಲಿ ವಿಮೆಗೆ ಹೆಸರು ಸೇರಿಸು. ಹೆಂಗಸರಿಗೆ ನಲವತ್ತು ದಾಟಿದರೆ ಹೊಸ ಊರಲ್ಲಿ ತಾತ್ಕಾಲಿಕ ಖಾತೆ ಮಾತ್ರ, ಪಿಂಚಣಿ ಸ್ವಂತ ಊರಿನದ್ದೇ. ಮೊದಲೇ ಸೇರಿ ಹತ್ತು ವರ್ಷ ಕಟ್ಟಿದರೆ ಅಲ್ಲಿನ ದೊಡ್ಡ ಪಿಂಚಣಿಯೇ ಸಿಗುತ್ತದೆ. ಗಂಡನಿಲ್ಲ, ಮಕ್ಕಳಿಲ್ಲ. ಮುಂದೆ ಅದೇ ಗತಿ ನನಗೆ. ಆಯ್ತು ಮಾರಾಯ್ತಿ ಅಂದ. ಗುರುತಿನ ಚೀಟಿಯ ಫೋಟೋ ಕಳಿಸಿದೆ.

ಜನವರಿ 27
ಫೋನ್ ಮಾಡಿದೆ. ಹೊಸ ಶೆಡ್ಡಿಗೆ ಕರೆಂಟು ಬಂದಿಲ್ಲವಂತೆ. ನನ್ನದು? ಮಾಡಿಸ್ತೀನಿ, ತಲೆ ತಿನ್ನಬೇಡ ಅಂದ. ಇನ್ನು ಕೇಳಬಾರದು ಅಂತ ಬಾಯಿ ಮುಚ್ಚಿಕೊಂಡೆ... ಬುದ್ಧಿ ಇಲ್ಲ ನನಗೆ.

ಫೆಬ್ರವರಿ 8, ಸಂಜೆ
ಪಂಚಾಂಗದ ಹೊಸ ವರ್ಷದ ಹಬ್ಬಕ್ಕೆ ಅಣ್ಣ ಬಂದ. ಬೂಟು ಬಿಚ್ಚುವ ಮೊದಲೇ ಕೇಳಿದೆ.

"ಹಬ್ಬ ಮುಗೀಲಿ. ಇನ್ನೂ ತಿಂಗಳ ಮೇಲಿದೆ. ನಿನ್ನ ಹುಟ್ಟುಹಬ್ಬ ನಂಗೊತ್ತಿಲ್ವೇನೇ? ಎರಡನೇ ಮಾಸದ ಷಷ್ಠಿ."

ಕೈಯಲ್ಲಿದ್ದ ಕಡುಬಿನ ತಟ್ಟೆ ಕೆಳಗಿಟ್ಟೆ. ಅವನು ಹೇಳಿದ್ದು ಪಂಚಾಂಗದ ಲೆಕ್ಕ. ನಾನು ಹುಟ್ಟಿದಾಗ ಅಮ್ಮ ಆ ತಿಥಿಯನ್ನೇ ಹೇಳಿದ್ದಳು, ಬರೆದುಕೊಂಡವನು ಎರಡನೇ ತಿಂಗಳ ಆರು ಅಂತ ತಿಳಿದ, ಚೀಟಿಯಲ್ಲಿ ಅದು ಫೆಬ್ರವರಿ 6 ಆಗಿ ಕೂತಿದೆ. ಸರ್ಕಾರಕ್ಕೆ ಅದೇ ಸತ್ಯ. ಮೊನ್ನೆಯೇ ನಲವತ್ತು ತುಂಬಿತು.

"ಚೀಟಿ ಕಳಿಸಿದ್ದೆನಲ್ಲೋ. ತೆಗೆದು ನೋಡಲಿಲ್ವಾ?"

ಚೀಲ ಮೂಲೆಗಿಟ್ಟ. ಆಮೇಲೆ, ಎರಡು ದಿನಕ್ಕೆ ಯಾರು ತಲೆ ಕೆಡಿಸಿಕೊಳ್ತಾರೆ, ಮಾತಾಡಿ ನೋಡೋಣ ಅಂದ. ಅವನ ಮುಖ ನೋಡಲು ಮನಸ್ಸಾಗಲಿಲ್ಲ.

ಫೆಬ್ರವರಿ 21
ಮಾತಾಡಿ ನೋಡಿದ್ದಾಯಿತು. ಡಾಂಗ್‌ಗುವಾನಿನ ವಿಮಾ ಕಚೇರಿಯ ಹುಡುಗಿ ಫೋನಿನಲ್ಲಿ ಬಹಳ ಮರ್ಯಾದೆಯಿಂದ ಹೇಳಿದಳು. "ನೀವು ಇಲ್ಲಿ ಕೆಲಸ ಮಾಡಬಹುದು ಮೇಡಂ, ಕಂತೂ ಕಟ್ಟಬಹುದು. ವಯಸ್ಸಾದ ಮೇಲೆ ಪಿಂಚಣಿ ಮಾತ್ರ ನಿಮ್ಮೂರಲ್ಲೇ." ಸಿಟ್ಟು ಯಾರ ಮೇಲೆ ತೀರಿಸಲಿ? ಮೈಯಲ್ಲಿ ಕಸುವಿರುವಷ್ಟು ದಿನ ನಾನು ಅವರಿಗೆ ಬೇಕು, ಮುದುಕಿ ಬೇಡ.

ಮಾರ್ಚ್ 15
ಇವತ್ತು ತಿಥಿಯ ಪ್ರಕಾರ ಹುಟ್ಟುಹಬ್ಬ. ಅಮ್ಮ ಆಯುಷ್ಯಕ್ಕೆ ಒಳ್ಳೆಯದು ಅಂತ ಉದ್ದ ಶಾವಿಗೆ ಮಾಡಿದಳು. ಅಣ್ಣ ಫೋನಿನಲ್ಲಿ ಶುಭಾಶಯ ಹೇಳಿದ. ಹೇಳಲು ನಾಚಿಕೆಯೂ ಆಗಲಿಲ್ಲ. ಬಂದುಬಿಡು, ಸಂಬಳ ಅಲ್ಲಿಗಿಂತ ಜಾಸ್ತಿ ಕೊಡ್ತೀನಿ ಅಂದ. ಇಲ್ಲಿ ಎಲ್ಲಾದರೂ ಕೆಲಸ ಸಿಕ್ಕೀತಾ ಅಂತ ವಾರವಿಡೀ ಅಲೆದಿದ್ದೆ. ಇಲ್ಲ.

ಅಮ್ಮ ಬಟ್ಟಲು ಮುಂದೆ ತಳ್ಳಿದಳು. "ಹೋಗು ಪುಟ್ಟಿ. ನನ್ನ ಪಿಂಚಣಿ ಬರ್ತಿದೆ, ನಂದು ನಡೆಯುತ್ತೆ."

ಹೌದು, ಬರುತ್ತದೆ. ನನ್ನಂಥವರು ಇಷ್ಟು ದಿನ ಇಲ್ಲೇ ಕೂತು ಕಂತು ಕಟ್ಟಿದ್ದಕ್ಕೆ.

ಟಿಕೆಟ್ ತೆಗೆದೆ. ಪಕ್ಕದ ಫೌಂಡ್ರಿಯವರೂ ಹೊರಟಿದ್ದಾರಂತೆ. ಅಲ್ಲಿ ದುಡಿದು, ಮುದುಕಿಯಾಗಿ ಇಲ್ಲಿಗೇ ಬರಬೇಕು. ಆಗ ನನ್ನ ಪಿಂಚಣಿಗೆ ಕಂತು ಕಟ್ಟುವುದಕ್ಕೆ ಈ ಊರಲ್ಲಿ ಯಾರು —