ಸಾಣಾಪುರದ ಕೆರೆಗೆ ಮೂವರೂ ಬರ್ರಿ

ಹನುಮನಹಳ್ಳಿ
2 ಜನವರಿ 2023

ಸೌಭಾಗ್ಯವತಿ ರೇಣುಕಾಳಿಗೆ ನಿನ್ನ ಅತ್ತೆ ಹುಲಿಗೆಮ್ಮನ ಆಶೀರ್ವಾದಗಳು.

ಕುಷ್ಟಗಿಯಲ್ಲಿ ನೀನು, ಹೇಮಪ್ಪ, ದುರ್ಗಾ ಮೂವರೂ ಆರಾಮಾಗಿದ್ದೀರಿ ಎಂದು ನಂಬಿದ್ದೇನೆ. ನಾನೂ ಗಟ್ಟಿಯಾಗಿದ್ದೇನೆ. ಹನುಮಮಾಲೆ ಹಾಕಿದ ಭಕ್ತರ ಗದ್ದಲ ಇಳಿದ ಮೇಲೆ ಬೆಟ್ಟದ ಬುಡದ ನನ್ನ ಚಹಾದಂಗಡಿಗೂ ಸ್ವಲ್ಪ ಬಿಡುವು ಸಿಕ್ಕಿದೆ. ನಿನ್ನ ಗಂಡ ಬಂದು ಹೋಗಿ ಇಷ್ಟು ದಿನವಾದರೂ ಉತ್ತರ ಕೊಡಲಿಲ್ಲವೆಂದು ಸಿಟ್ಟಾಗಬೇಡ. ಫೋನಿನಲ್ಲಿ ಹೇಳಲು ಹೋದರೆ ಅರ್ಧಕ್ಕೇ ಇಟ್ಟುಬಿಡುತ್ತೇನೆ, ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಉತ್ತರ ಮೊದಲೇ ಹೇಳಿಬಿಡುತ್ತೇನೆ: ಬರ್ರಿ. ಮೂವರೂ ಬರ್ರಿ.

ಅವತ್ತು ಹೇಮಪ್ಪ ಟಂಟಂ ಗಾಡಿಯ ಮೇಲೆ ಉದ್ದನೆಯದೇನೋ ಕಟ್ಟಿಕೊಂಡು ಬಂದಾಗ ನಾನು ಮಿರ್ಚಿ ಕರಿಯುತ್ತಿದ್ದೆ. "ಇದೇನಪಾ, ಎಮ್ಮಿಗೆ ನೀರ ಕುಡಿಸೋ ಬಾನಿ ಹೇರಕೊಂಡ ಬಂದಿ?" ಎಂದೆ. ಅವನಿಗೆ ನಗು ತಡೆಯಲಾಗಲಿಲ್ಲ. "ಇದಕ್ಕ ಕಯಾಕ್ ಅಂತಾರ್ರಿ. ಇಬ್ರು ಕುಂತು ಹುಟ್ಟು ಹಾಕೋ ದೋಣಿ. ಸಾಲಿ ಹುಡುಗ್ರನ್ನ ದಾಂಡೇಲಿ ಕ್ಯಾಂಪಿಗೆ ಕರಕೊಂಡು ಹೋದಾಗ ಕಲತೇನ್ರಿ" ಎಂದ. ಚಹಾ ಕೊಟ್ಟರೂ ಕುಡಿಯದೆ, ನಿಂತೇ ಬಂದ ಕೆಲಸ ಹೇಳಿದ:

"ಸಾಣಾಪುರ ಕೆರ್ಯಾಗ ಗಾಳ ಹಾಕೋಣು, ದಂಡಿಮ್ಯಾಲ ಟೆಂಟ್ ಹೊಡದು ಮಲಗೋಣು ಅಂತ ದುರ್ಗಾ ಹಟ ಹಿಡದಾಳ್ರಿ. ರೇಣುಕಾ, 'ಅತ್ತಿ ಹೂಂ ಅಂದ್ರ ಬರ್ತೀನಿ, ಇಲ್ಲಂದ್ರ ಮಗಳನ್ನ ನೀರಿನ ಸನೇಕ ಬಿಡಂಗಿಲ್ಲ' ಅಂದಾಳ. ನೀವು ಬ್ಯಾಡ ಅಂದ್ರ ಇದನ್ನ ಹಿಂಗ ಒಯ್ದು ಸಾಲಿಗೆ ಕೊಟ್ಟಬಿಡ್ತೀನ್ರಿ."

ನಿನ್ನ ಹೆದರಿಕೆ ತಪ್ಪಲ್ಲ, ಮಗಳೇ. ಪಂಪಣ್ಣನನ್ನು ತುಂಬಿದ ಹೊಳೆ ಒಯ್ದಾಗ ದುರ್ಗಾ ಇನ್ನೂ ಅಂಗನವಾಡಿಗೆ ಹೋಗುತ್ತಿದ್ದಳು. ನಡುಗಡ್ಡೆಯಲ್ಲಿ ಸಿಕ್ಕಿಕೊಂಡಿದ್ದ ಕುರಿಗಾರರನ್ನು ದಡಕ್ಕೆ ಮುಟ್ಟಿಸಿ, ಹಿಂದೆ ಉಳಿದಿದ್ದ ಮುರ್ತುಜಾಸಾಬನಿಗಾಗಿ ಮತ್ತೆ ಹರಿಗೋಲು ಹಾಕಿದವನು ನನ್ನ ಮಗ. ಮುರ್ತುಜಾಸಾಬ ಮರ ಹಿಡಿದು ಉಳಿದ, ಇವನು ಬರಲಿಲ್ಲ. ಅವತ್ತಿನಿಂದ ನಾನೂ ನೀರಿಗೆ ಇಳಿದಿರಲಿಲ್ಲ. ಹುಟ್ಟಿದಾಗಿನಿಂದ ಹರಿಗೋಲಿನಲ್ಲೇ ಬೆಳೆದ ಅಂಬಿಗರ ಹೆಂಗಸು, ನಳದ ನೀರಿಗೆ ಕೈಯೊಡ್ಡಿ ಕಾಲ ಕಳೆದೆ.

"ನಡಿ, ಕೆರಿ ನೋಡೋಣು" ಎಂದು ಅಂಗಡಿ ಮುಚ್ಚಿದೆ.

ಕೆರೆ ಹಾಗೇ ಇದೆ. ಸುತ್ತ ಬಂಡೆಯ ಗುಡ್ಡಗಳು, ನಡುವೆ ತುಂಬಿದ ನೀರು. ಹೇಮಪ್ಪ ಕಯಾಕ್ ನೀರಿಗಿಳಿಸಿ, ಲೈಫ್ ಜಾಕೆಟ್ ಕೈಯಲ್ಲಿ ಹಿಡಿದು ಸುಮ್ಮನೆ ನಿಂತ. ಕರೆಯಲೂ ಇಲ್ಲ, ಬೇಡವೆನ್ನಲೂ ಇಲ್ಲ. ನಾನೇ ಸೀರೆ ಎತ್ತಿ ಕಟ್ಟಿ, ಜಾಕೆಟ್ ಇಸಿದುಕೊಂಡು ತೊಟ್ಟು, ಹಿಂದಿನ ಸೀಟಿನಲ್ಲಿ ಕುಳಿತುಬಿಟ್ಟೆ. ಎರಡೂ ತುದಿಗೆ ಹಲಗೆಯಿರುವ ಹುಟ್ಟು. ನನ್ನ ಕೈ ಹರಿಗೋಲಿನ ರೂಢಿಯಲ್ಲಿ ಒಂದೇ ಕಡೆ ಎಳೆದಿದ್ದೇ ತಡ, ದೋಣಿ ಗಿರ್ರನೆ ತಿರುಗಿತು. "ಎರಡೂ ಕಡೆ ಹಾಕ್ರಿ, ಎಡಕ್ಕೊಮ್ಮೆ, ಬಲಕ್ಕೊಮ್ಮೆ" ಎಂದು ಮುಂದೆ ಕುಳಿತಿದ್ದವನು ಕಲಿಸಿಕೊಟ್ಟ. ನಡುನೀರಿಗೆ ಬಂದಾಗ ನನಗೆ ಅಳು ಬಂತು. ಸಣ್ಣ ಅಳುವಲ್ಲ, ರೇಣುಕಾ. ಅವನಿಗೆ ಕೇಳಿಸಿದ್ದು ಖರೆ. ಆದರೆ ತಿರುಗಿ ನೋಡಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ನಾನು ಮುಗಿಸುವವರೆಗೆ ಮೆಲ್ಲಗೆ ಹುಟ್ಟು ಹಾಕುತ್ತಲೇ ಇದ್ದ. ಇಂಥವನನ್ನು ನಿನಗೆ ಕೊಟ್ಟ ದೇವರಿಗೆ ಅಲ್ಲೇ ಕೈ ಮುಗಿದೆ. ನಿನ್ನ ಎರಡನೇ ಲಗ್ನಕ್ಕೆ ನಾನು ಮುಂದೆ ನಿಂತಾಗ ಓಣಿಯವರು ಏನೇನೋ ಅಂದಿದ್ದರು. ಅನ್ನಲಿ ಬಿಡು.

ಇನ್ನು ನಿಮ್ಮ ವಸ್ತಿಯ ಮಾತು. ಬಂಡೆಗಳ ಕಡೆ ಕರಡಿ, ಚಿರತೆ ಓಡಾಡುತ್ತವೆ, ಅಲ್ಲಿ ಟೆಂಟ್ ಬೇಡ. ಕೆರೆಯಂಚಿಗೆ ಮುರ್ತುಜಾಸಾಬನ ಗದ್ದೆ ಇದೆ, ಭತ್ತ ಕೊಯ್ದು ಒಣಗಿದೆ. ಕೇಳಲು ಹೋದರೆ ಆತ ನನ್ನ ಮಾತು ಮುಗಿಸಲೂ ಬಿಡಲಿಲ್ಲ. "ಕೇಳೋದೇನೈತಿ ಅಕ್ಕಾ? ಪಂಪಣ್ಣನ ಮಗಳು ನನ್ನ ಹೊಲದಾಗ ಮಲಗ್ತಾಳಂದ್ರ ಬೆಳತನಕ ಬೆಂಕಿ ಹಾಕ್ಕೊಂಡು ನಾನ ಕಾಯ್ತೀನಿ" ಎಂದ. ಅವನ ಹೆಂಡತಿ ಖಾಜಾಬೀ ಚಾಪೆ, ಕೌದಿ ಆಗಲೇ ಬಿಸಿಲಿಗೆ ಹಾಕಿದ್ದಾಳೆ. ಮೀನಿನ ಗುತ್ತಿಗೆಯವನನ್ನೂ ಕೇಳಿದ್ದೇನೆ, "ಗಾಳ ಹಾಕ್ರಿ, ಬಲಿ ಬೀಸೋದು ಮಾತ್ರ ಬ್ಯಾಡ" ಅಂದಿದ್ದಾನೆ.

ಸಂಕ್ರಾಂತಿ ಮುಗಿದ ಶನಿವಾರ ಬನ್ನಿ. ಮಧ್ಯಾಹ್ನ ಗಾಳಿ ಏಳುತ್ತದೆ. ಇಳಿಹೊತ್ತಿಗೆ ನೀರಿಗಿಳಿದರೆ ಸಾಕು. ದುರ್ಗಾ ಜಾಕೆಟ್ ಬಿಚ್ಚದ ಹಾಗೆ ನೋಡಿಕೋ, ಮಿಕ್ಕಿದ್ದಕ್ಕೆ ಹೆದರಬೇಡ. ಜಿಲೇಬಿ ಮೀನು ಸಿಕ್ಕರೆ ಅವಳ ಕೈಯಿಂದಲೇ ಎಳೆಸೋಣ. ಮೀನಿನ ಸಾರು, ಜೋಳದ ರೊಟ್ಟಿ ನನ್ನ ಪಾಲಿಗಿರಲಿ. ನಿನಗೆ ಮನಸ್ಸಾದರೆ ನನ್ನ ಜೊತೆ ಕಯಾಕಿನಲ್ಲಿ ಕೂರು. ಆಗದಿದ್ದರೆ ದಂಡೆಯ ಮೇಲೆ ಒಲೆ ಹಚ್ಚು. ಯಾರೂ ಒತ್ತಾಯ ಮಾಡುವುದಿಲ್ಲ.

ಗಂಗಮ್ಮ ತಾಯಿ ನಿಮ್ಮ ಮೂವರನ್ನೂ ತಣ್ಣಗಿಟ್ಟಿರಲಿ.

ನಿನ್ನ ಅತ್ತೆ,
ಹುಲಿಗೆಮ್ಮ

ಮತ್ತೊಂದು ಮಾತು. ಮರೆತಿದ್ದಲ್ಲ, ಬರೆಯಲು ಕೈ ಬರಲಿಲ್ಲ. ಹೇಮಪ್ಪ ಹೊರಡುವಾಗ ನನ್ನನ್ನು ಏನೆಂದು ಕರೆಯಬೇಕೋ ತಿಳಿಯದೆ, ಬರೀ "ಬರ್ತೀನ್ರಿ" ಎಂದು ಕಾಲು ಮುಟ್ಟಿದ. ನಿನಗೆ ನಾನು ಅತ್ತಿ, ದುರ್ಗಾಳಿಗೆ ಆಯಿ, ಊರಿಗೆಲ್ಲ ಹುಲಿಗೆಮ್ಮಕ್ಕ. ನನಗಿದ್ದವನು ಒಬ್ಬನೇ. ಅವನು ಹೋದ ಮೇಲೆ ನನ್ನನ್ನು "ಯವ್ವಾ" ಎಂದು ಕೂಗಿದವರಿಲ್ಲ. ಗಂಗಾವತಿ ಬಜಾರಿನಲ್ಲಿ ಯಾರೋ ಯಾರನ್ನೋ ಹಾಗೆ ಕರೆದರೂ ನಾನು ತಿರುಗಿ ನೋಡುತ್ತೇನೆ. ಹೇಮಪ್ಪನಿಗೆ ನೀನೇನೂ ಹೇಳಬೇಡ. ಆದರೆ ಅವನ ಬಾಯಿಗೆ ತಾನಾಗಿ ಆ ಮಾತು ಬಂದರೆ, ನಾನು ಓಗೊಡುತ್ತೇನೆ.