ಅರ್ಧಕ್ಕೆ ನಿಂತ ಮಾತು

ಹೌನ್ಸ್ಲೋ

ಚಿರಂತನ್ ಅವರಿಗೆ,

ಕಳೆದ ಮಾರ್ಚ್‌ನಲ್ಲಿ ನಿಮ್ಮ ಲಿಥಿಯಂ ಕಂಪನಿಯ ಷೇರುದಾರರ ಸಭೆಯಲ್ಲಿ, ತೀರಿಹೋದ ನನ್ನ ಗಂಡನ ಹಳೆಯ ವಿಡಿಯೊ ಹಾಕಿ, ಅವರ ಮಾತನ್ನು ಅರ್ಧಕ್ಕೆ ಕತ್ತರಿಸಿ ತೋರಿಸಿದಿರಿ. ಆಂಡಿಸ್ ಪರ್ವತಗಳ ಮೇಲಿನ ಉಪ್ಪಿನ ಬಯಲಿನಲ್ಲಿ ನಿಂತು ವಲೇರಿಯನ್, "ಈ ಉಪ್ಪಿನ ಪದರದಡಿ ನೀರು ಬೇಕಾದಷ್ಟುಂಟು" ಎಂದರು. ವಿಡಿಯೊ ಅಲ್ಲಿಗೆ ನಿಂತಿತು.

ಆ ದಿನ ಬಯಲಿನಲ್ಲಿ ಕ್ಯಾಮೆರಾ ಹಿಡಿದಿದ್ದ ಅವರ ಶಿಷ್ಯ ನೀವೇ. ಮುಂದಿನ ಮಾತನ್ನೂ ಕೇಳಿದ್ದೀರಿ: "ಆದರೆ ಲಿಥಿಯಂಗಾಗಿ ಈ ಉಪ್ಪುನೀರು ಎಳೆದರೆ ಅಂಚಿನ ಸಿಹಿನೀರಿನ ಬುಗ್ಗೆಗಳು ಬತ್ತುತ್ತವೆ ಮಾರಾಯ. ಮತ್ತೆ ಈ ಫ್ಲೆಮಿಂಗೊ ಹಕ್ಕಿಗಳು, ಲಾಮಾ ಹಿಂಡು ಮೇಯಿಸುವವರು ಎಲ್ಲಿಗೆ ಹೋಗುವುದು?"

ನಮ್ಮ ಮನೆಯಲ್ಲಿ ನೀವು ಉಂಡದ್ದನ್ನು ಎತ್ತಿ ಆಡುವುದಿಲ್ಲ. ಮುಂದಿನ ಸಭೆಗೆ ಬರುತ್ತೇನೆ. ಮೆಟ್ಟಿಲು ಹತ್ತಲಾರೆ, ಲಿಫ್ಟ್ ಇರುವ ಸಭಾಂಗಣ ನೋಡಿ. ವಿಡಿಯೊ ಪೂರ್ತಿ ತೋರಿಸಿ, ಅವರು ಕೇಳಿದ ಪ್ರಶ್ನೆಗೆ ಎಲ್ಲರೆದುರು ಉತ್ತರ ಕೊಡಿ.

ಫ್ಲಾವಿಯಾ ವಲೇರಿಯನ್