ಮೊಳೆಯಲ್ಲಿಲ್ಲದ ಟೇಪು

ಮನೆಯಿಂದ,
ಜೂನ್ ೮, ಭಾನುವಾರ ಬೆಳಿಗ್ಗೆ

ಪ್ರೀತಿಯ ಅಕ್ಕಾ,

ನಿನ್ನ ಹಿಮ್ಮಡಿ ನೋವು ಹೇಗಿದೆ? ಆಸ್ಪತ್ರೆಯಲ್ಲಿ ಪಾಳಿಯಿಡೀ ನಿಂತೇ ಇರುತ್ತೀಯೆಂದು ಅಮ್ಮ ಗೊಣಗುತ್ತಿರುತ್ತಾಳೆ. ಮೆತ್ತನೆಯ ಚಪ್ಪಲಿ ಕೊಂಡೆಯಾ? ನಾವೆಲ್ಲ ಚೆನ್ನಾಗಿದ್ದೇವೆ ಎಂದು ಬರೆಯಲು ಹೊರಟಿದ್ದೆ. ಆದರೆ ಇವತ್ತು ಬೆಳಿಗ್ಗೆ ಹೊಲಿಗೆ ಮಷಿನ್ನಿನ ಮೇಲಿನ ಮೊಳೆಯಲ್ಲಿ ಅಮ್ಮನ ಟೇಪು ಇರಲಿಲ್ಲ. "ಯಾರು ನುಂಗಿದ್ರೇ ನನ್ನ ಟೇಪು?" ಎಂದು ಅವಳು ಮನೆಯೆಲ್ಲ ತಡಕಾಡುತ್ತಿದ್ದಳು. ನನಗೆ ಅದು ಸಿಕ್ಕಿದ್ದು ನಿನ್ನ ಮಗಳ ಹಾಸಿಗೆಯಲ್ಲಿ. ಅಂಗಿಯೊಳಗೆ ಹೊಟ್ಟೆಗೆ ಬಿಗಿಯಾಗಿ ಸುತ್ತಿ, ಗಂಟು ಹಾಕಿಕೊಂಡು ಮಲಗಿದ್ದಳು. ಬಿಚ್ಚಿದರೆ ಚರ್ಮದ ಮೇಲೆ ಕೆಂಪಗೆ ಅಚ್ಚು ಬಿದ್ದಿತ್ತು. "ಅಜ್ಜಿಗೆ ಹೇಳ್ಬೇಡ ಚಿಕ್ಕಿ" ಎಂದಳು. ಟೇಪನ್ನು ಮೆಲ್ಲಗೆ ಮೊಳೆಗೆ ಸಿಕ್ಕಿಸಿದೆ. "ಅಯ್ಯೋ, ಇಲ್ಲೇ ಇದೆ, ನನ್ನ ಕಣ್ಣೇ ಹೋಗಿದೆ" ಎಂದು ಅಮ್ಮ ನಕ್ಕಳು.

ಕಳೆದ ತಿಂಗಳು ಶಾಲೆಯ ಯೂನಿಫಾರಂ ಹೊಲಿಗೆ ಶುರುವಾಯಿತು. ಅಮ್ಮನ ಪದ್ಧತಿ ನಿನಗೆ ಗೊತ್ತಲ್ಲ, ಅಳತೆ ತೆಗೆಯುತ್ತಾ ಅವಳು ಕೂಗಬೇಕು, ಮೂಲೆಯಲ್ಲಿ ಕೂತು ನಾನು ಬರೆದುಕೊಳ್ಳಬೇಕು. ಸಾಹಿತ್ಯದಲ್ಲಿ ಎಂ.ಎ. ಮಾಡಿದ್ದಕ್ಕೆ ಸದ್ಯ ಸಿಕ್ಕ ಉದ್ಯೋಗ ಇದೇ. ಅವತ್ತು ನಿನ್ನ ಮಗಳ ತರಗತಿಯ ಮೂವರು ಹುಡುಗಿಯರು ಅಲ್ಲೇ ಕಾಯುತ್ತಿದ್ದರು. ಎಲ್ಲರದನ್ನು ಕೂಗಿದಂತೆ ಇವಳದನ್ನೂ ಅಮ್ಮ ಕೂಗಿದಳು: "ಸೊಂಟ ಮೂವತ್ತೊಂದು! ನಿನಗೆ ಇಡೀ ತಾನು ಬಟ್ಟೆಯೇ ಬೇಕಲ್ಲೇ!" ಪ್ರೀತಿಯಿಂದಲೇ ಅಂದದ್ದು, ಕೆನ್ನೆ ಹಿಂಡಿ. ಹುಡುಗಿಯರು ನಕ್ಕರು. ಇವಳೂ ನಕ್ಕಳು. ಶಾಲೆ ತೆರೆದ ದಿನದಿಂದಲೇ ಮೈದಾನದಲ್ಲಿ "ಮೂವತ್ತೊಂದು ಬಂತು, ದಾರಿ ಬಿಡ್ರೇ!" ಶುರುವಾಯಿತಂತೆ.

ರಿಲೇಯಲ್ಲಿ ಕೊನೆಯ ಓಟ ಇವಳದೇ ಆಗಿತ್ತು ಅಕ್ಕಾ. ಕಡ್ಡಿಯಂಥ ನಾನು ಮೆಟ್ಟಿಲು ಹತ್ತಿದರೆ ಏದುಸಿರು ಬಿಡುತ್ತೇನೆ. ಇವಳು ಮೂರು ಮಹಡಿ ಓಡುತ್ತಲೇ ಹತ್ತಿ, ಮೇಲಿನಿಂದ "ಬಾರೇ ಮುದುಕೀ" ಎಂದು ಕೂಗುತ್ತಿದ್ದಳು. ಈಗ ಆಟದ ಪಿರಿಯಡ್ಡಿನಲ್ಲಿ ಹೊಟ್ಟೆನೋವೆಂದು ಹೇಳಿ ಎಲ್ಲರ ಬ್ಯಾಗು ಕಾಯುತ್ತಾ ಕೂರುತ್ತಾಳೆ. ಮೊನ್ನೆ ಲೆಕ್ಕದ ಪುಸ್ತಕ ಮುಚ್ಚಿಟ್ಟು, "ನಂಗೆ ಯಾವುದೂ ಬರಲ್ಲ ಚಿಕ್ಕಿ" ಎಂದಳು. ಲೆಕ್ಕದಲ್ಲಿ ತರಗತಿಗೇ ಮುಂದಿರುವವಳು. ಸೊಂಟದ ಅಳತೆ ಲೆಕ್ಕದ ಪುಸ್ತಕದ ತನಕ ಹೇಗೆ ಹೋಯಿತೋ ನನಗೆ ತಿಳಿಯುತ್ತಿಲ್ಲ.

ಸಂಜೆ ಅವಳನ್ನು ಮೈದಾನಕ್ಕೆ ಕರೆದುಕೊಂಡು ಹೋಗುತ್ತೇನೆ. ನಾನೂ ಓಡುತ್ತೇನೆ. ಜನ ನೋಡುತ್ತಾರೆಂದು ನೆನೆದರೇ ನಾಚಿಕೆಯಾಗುತ್ತದೆ. ಇರಲಿ, ಅವಳಿಗೆ ಸೋಲಿಸಲಿಕ್ಕೆ ಒಬ್ಬರಾದರೂ ಬೇಕಲ್ಲ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಅಮ್ಮ ನಿನ್ನನ್ನು ಕೇಳಿದಳೆಂದು ಬರೆಯಲು ಹೇಳಿದ್ದಾಳೆ.

ನಿನ್ನ ತಂಗಿ

ಮರೆತಿದ್ದೆ: ಟೇಪು ಯಾಕೆ ಕಟ್ಟಿಕೊಂಡೆ ಎಂದು ಕೇಳಿದ್ದಕ್ಕೆ, "ಇವತ್ತು ಭಾನುವಾರ, ಅಮ್ಮ ವಿಡಿಯೋದಲ್ಲಿ ನೋಡ್ತಾಳಲ್ಲ" ಎಂದಳು. ಪ್ರತಿ ವಾರ ನೀನು ಮೊದಲು ಕೇಳುವುದೇ "ಎಲ್ಲಿ ತಿರುಗು, ಸ್ವಲ್ಪ ಇಳಿದಿದ್ದೀಯಾ ನೋಡೋಣ" ಎಂದು. ಈ ಪತ್ರ ಸೇರುವ ಮೊದಲೇ ನಿನ್ನ ಕರೆ ಬಂದಿರುತ್ತದೆ. ಇದುವರೆಗೆ ನಿನಗೆ ಎದುರು ಮಾತಾಡಿದವಳಲ್ಲ ನಾನು. ಆದರೆ ಇವತ್ತು ನೀನು "ತಿರುಗು" ಎಂದ ಕೂಡಲೇ ಫೋನ್ ಕಟ್ ಮಾಡುತ್ತೇನೆ. ಯಾಕೆಂದು ಈ ಪತ್ರ ಓದಿದ ಮೇಲೆ ನಿನಗೆ ಗೊತ್ತಾಗಲಿ.